ಅಂದಿನ ಲಸಿಕೆ, ಇಂದಿನ ಎದೆನೋವು

ಪ್ರಶ್ನೆ: ನನ್ನ ಮಗ 2022ರಲ್ಲಿ ಹತ್ತನೇ ತರಗತಿಯಲ್ಲಿದ್ದಾಗ ಸ್ಕೂಲಿನಲ್ಲೇ ಕೋವ್ಯಾಕ್ಸಿನ್ ಎರಡೂ ಡೋಸ್ ಹಾಕಿಸಿಕೊಂಡಿದ್ದ. ಈಗ ಕಾಲೇಜಿನಲ್ಲಿದ್ದಾನೆ, ಸಂಜೆ ಜಿಮ್‌ಗೆ ಹೋಗುತ್ತಾನೆ. ಕೆಲವು ದಿನಗಳಿಂದ ಆಗಾಗ ಎದೆ ಹಿಡಿದ ಹಾಗಾಗುತ್ತೆ ಅನ್ನುತ್ತಾನೆ. ಲಸಿಕೆಯಿಂದ ಹುಡುಗರ ಹೃದಯಕ್ಕೆ ಊತ ಬರುತ್ತಂತೆ ಎಂದು ಪಕ್ಕದ ಮನೆಯವರು ಹೇಳಿದಾಗಿನಿಂದ ನನಗೆ ನಿದ್ದೆ ಇಲ್ಲ. ನಿಜವಾ ಡಾಕ್ಟ್ರೇ?
– ಒಬ್ಬ ತಾಯಿ, ಮಂಡ್ಯ

ಉತ್ತರ: ಮೊದಲು ಮಗನಿಗೆ ಒಂದು ಇಸಿಜಿ ಮಾಡಿಸಿಯಮ್ಮ. ಲಸಿಕೆಯ ವಿಚಾರ ಆಮೇಲೆ.

ಪಕ್ಕದ ಮನೆಯವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಹೃದಯದ ಸ್ನಾಯು ಊದಿಕೊಳ್ಳುವುದಕ್ಕೆ ಮಯೋಕಾರ್ಡೈಟಿಸ್ ಅನ್ನುತ್ತೇವೆ. 2021ರಲ್ಲಿ ಇಸ್ರೇಲ್, ಅಮೆರಿಕದಲ್ಲಿ ಫೈಜರ್, ಮಾಡರ್ನಾ ಲಸಿಕೆ ಪಡೆದವರಲ್ಲಿ, ಅದರಲ್ಲೂ ಹದಿಹರೆಯದ ಮತ್ತು ಎಳೆ ವಯಸ್ಸಿನ ಗಂಡು ಹುಡುಗರಲ್ಲಿ, ಇದು ಅಪರೂಪಕ್ಕೆ ಕಾಣಿಸಿತು. ಜಾಸ್ತಿ ಎರಡನೇ ಡೋಸ್ ಆದ ಮೇಲೆ, ಸಾಮಾನ್ಯವಾಗಿ ಒಂದು ವಾರದೊಳಗೇ. ಬಹುತೇಕ ಹುಡುಗರು ವಿಶ್ರಾಂತಿ, ಔಷಧಿಯಲ್ಲಿ ಸುಧಾರಿಸಿಕೊಂಡರು. ಕೋವಿಡ್ ಸೋಂಕಿನಿಂದಲೂ ಹೃದಯಕ್ಕೆ ಊತ ಬರುತ್ತೆ, ಇದನ್ನು ಯಾರೂ ಹೇಳುವುದೇ ಇಲ್ಲ.

ಫೈಜರ್, ಮಾಡರ್ನಾ ಎರಡೂ ಎಂಆರ್‌ಎನ್‌ಎ ಲಸಿಕೆಗಳು, ಅಂದರೆ ವೈರಸ್‌ನ ಒಂದು ಪ್ರೋಟೀನ್ ತಯಾರಿಸುವ ಸೂಚನೆಯನ್ನಷ್ಟೇ ದೇಹಕ್ಕೆ ಕೊಡುವಂಥವು. ನಿಮ್ಮ ಮಗನಿಗೆ ಹಾಕಿದ ಕೋವ್ಯಾಕ್ಸಿನ್ ಬೇರೆ ಥರದ್ದು, ಸತ್ತ ವೈರಸ್‌ನಿಂದ ಮಾಡಿದ್ದು. ಮೇಲಾಗಿ ವಾರದೊಳಗೆ ಬರಬೇಕಾದ ತೊಂದರೆ ಇಷ್ಟು ವರ್ಷ ಸುಮ್ನೆ ಕೂತಿದ್ದು ಈಗ ಏಳುತ್ತೆ ಅನ್ನಲು ನನಗೆ ಯಾವ ಆಧಾರವೂ ಕಾಣುತ್ತಿಲ್ಲ.

2025ರ ಜುಲೈನಲ್ಲಿ ಹಾಸನದಲ್ಲಿ ಹೃದಯಾಘಾತದಿಂದ ಆದ ಸಾವುಗಳ ಸುದ್ದಿ ಕೇಳಿ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆ ಮುಂದೆ ಎಷ್ಟು ಜನ ಸೇರಿದ್ದರು ಅನ್ನೋದು ನಿಮಗೂ ನೆನಪಿರಬಹುದು. ಆ ಭಯ ನನಗೆ ಅರ್ಥವಾಗುತ್ತೆ. ಆದರೆ 18ರಿಂದ 45 ವರ್ಷದವರ ಹಠಾತ್ ಸಾವಿನ ಬಗ್ಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಲಸಿಕೆಯಿಂದ ಅಪಾಯ ಹೆಚ್ಚಿದ್ದು ಕಂಡುಬರಲಿಲ್ಲ. ಮನೆತನದಲ್ಲಿ ಹಠಾತ್ ಸಾವು ಆಗಿದ್ದವರಲ್ಲಿ, ಸಾವಿಗೆ ಸ್ವಲ್ಪ ಮುಂಚೆ ಮೈ ದಂಡಿಸಿದ್ದವರಲ್ಲಿ, ವಿಪರೀತ ಕುಡಿದಿದ್ದವರಲ್ಲಿ ಅಪಾಯ ಜಾಸ್ತಿ ಇತ್ತು.

ನನಗೆ ನಿಜವಾದ ಆತಂಕ ಇರುವುದು ಬೇರೆ. ಎಲ್ಲದಕ್ಕೂ ಲಸಿಕೆಯೇ ಕಾರಣ ಅಂದುಕೊಂಡು, ಇನ್ನೇನು ಮಾಡೋಕಾಗುತ್ತೆ ಎಂದು ಮನೆಯವರು ಕೈಚೆಲ್ಲಿ ಕೂತುಬಿಟ್ಟರೆ, ಇವತ್ತು ಹಿಡಿಯಬಹುದಾದ ಕಾಯಿಲೆ ತಪ್ಪಿಹೋಗುತ್ತೆ, ಅಲ್ವಾ? ಅವನಿಗೆ ಬರೀ ಸ್ನಾಯು ಸೆಳೆತವೋ ಗ್ಯಾಸೋ ಇರಬಹುದು, ಅದನ್ನೂ ನೋಡಿಯೇ ಹೇಳಬೇಕು. ಮಂಡ್ಯದ ಸರ್ಕಾರಿ ಆಸ್ಪತ್ರೆ ಮಿಮ್ಸ್‌ನಲ್ಲೇ ತೋರಿಸಿ. ಬೇಕೆನಿಸಿದರೆ ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯಾ ಎಂದು ತಿಳಿಸುವ ಟ್ರೋಪೋನಿನ್ ರಕ್ತಪರೀಕ್ಷೆ, ಹೃದಯದ ಸ್ಕ್ಯಾನ್ ಆದ ಎಕೋ ಬರೆದುಕೊಡುತ್ತಾರೆ. ಜಿಮ್‌ನಲ್ಲಿ ಯಾವುದಾದರೂ ಪುಡಿ ತಗೊಳ್ತಿದ್ದರೆ ಡಬ್ಬಿ ತೋರಿಸಲಿ, ಬೈಬೇಡಿ, ಬೈದರೆ ಬಚ್ಚಿಡುತ್ತಾನೆ. ಫಲಿತಾಂಶ ಬರುವವರೆಗೆ ಭಾರ ಎತ್ತುವುದು ಬೇಡ. ನೋವು ಕಡಿಮೆಯಾಗದಿದ್ದರೆ, ಉಸಿರು ಕಟ್ಟಿದರೆ, ತಲೆಸುತ್ತಿ ಬಿದ್ದರೆ ಬೆಳಗಾಗಲಿ ಅಂತ ಕಾಯದೆ 108ಕ್ಕೆ ಕರೆ ಮಾಡಿ.