ಸ್ವಂತ ಇಸಿಜಿ ಸಾಧನದಲ್ಲಿ ಎಸ್‌ಟಿ ಇಳಿಯುತ್ತಿದೆಯೇ? ಮೊದಲು ಫಿಲ್ಟರ್ ನೋಡಿ

ಪ್ರಶ್ನೆ: ನಾನು ವೈದ್ಯ. ವ್ಯಾಯಾಮದ ಅಧ್ಯಯನಕ್ಕೆಂದು ಎಡಿ8232 ಬೋರ್ಡ್ (ಹೃದಯದ ಸಂಕೇತ ವರ್ಧಿಸುವ ಚಿಪ್ ಇರುವುದು) ಮತ್ತು ಆರ್ಡುಯಿನೊ (ಪುಟ್ಟ ಕಂಪ್ಯೂಟರ್ ಬೋರ್ಡ್) ಸೇರಿಸಿ ಇಸಿಜಿ ಸಾಧನ ಮಾಡಿದ್ದೇನೆ. ಆರೋಗ್ಯವಂತರಲ್ಲೂ ಎಸ್‌ಟಿ ಭಾಗ (ಬಡಿತದ ಚೂಪು ಅಲೆಯ ನಂತರದ ಸಮತಟ್ಟು ಗೆರೆ) ಇಳಿದು ಕಾಣುತ್ತದೆ. ನಾಡಿ 60 ಇದ್ದವರಿಗೆ 156ರ ಆಸುಪಾಸು ತೋರಿಸುತ್ತದೆ. ಲ್ಯಾಪ್‌ಟಾಪಿಗೆ ಚಾರ್ಜರ್ ಹಾಕಿದರೆ ಗೆರೆ ದಪ್ಪವಾಗುತ್ತದೆ. ತಪ್ಪೆಲ್ಲಿದೆ?

ಉತ್ತರ: ಎಸ್‌ಟಿ ಇಳಿತ ಬಹುಶಃ ಹೃದಯದ್ದಲ್ಲ, ಬೋರ್ಡಿನದು. ಈ ಚಿಪ್ಪಿನ ಸಿದ್ಧ ಬೋರ್ಡುಗಳು ಹೆಚ್ಚಾಗಿ ಬಡಿತ ಎಣಿಸಲೆಂದು ಮಾಡಿದವು, ಸುಮಾರು 0.5 ಹರ್ಟ್ಸ್‌ಗಿಂತ ನಿಧಾನದ ಅಲೆಗಳನ್ನು ಸೋಸಿಬಿಡುತ್ತವೆ. ಎಸ್‌ಟಿ ಅಂಥ ನಿಧಾನದ ಭಾಗವಾದ್ದರಿಂದ ಅದೂ ಜಾರುತ್ತದೆ. ರೋಗನಿರ್ಣಯದ ಇಸಿಜಿಗೆ 0.05ರಿಂದ 150 ಹರ್ಟ್ಸ್‌ವರೆಗೆ ಬೇಕು.

ಯಾರ ಮೈಗೂ ಜೋಡಿಸದೆ ಹೀಗೆ ಪರೀಕ್ಷಿಸಿ. 1.5 ವೋಲ್ಟ್ ಸೆಲ್ಲಿಗೆ 150 ಕಿಲೋಓಮ್ ಮತ್ತು 100 ಓಮ್ ರೆಸಿಸ್ಟರ್‌ಗಳನ್ನು ಸಾಲಾಗಿ ಹಾಕಿದರೆ 100 ಓಮಿನ ತುದಿಗಳಲ್ಲಿ 1 ಮಿಲಿವೋಲ್ಟ್ ಸಿಗುತ್ತದೆ. ಆ ತುದಿಗಳನ್ನು ಎರಡು ಕೈಗಳ ಲೀಡಿಗೆ ಕೊಟ್ಟು, ಕಾಲಿನ ಲೀಡನ್ನು ಅವುಗಳಲ್ಲೊಂದಕ್ಕೆ ಸೇರಿಸಿ. ಈಗ ಸೆಲ್ಲನ್ನು ಥಟ್ಟನೆ ಜೋಡಿಸಿದರೆ ಗೆರೆ ಏರಿ ಸಮತಟ್ಟಾಗಿ ನಿಲ್ಲಬೇಕು. 0.5 ಹರ್ಟ್ಸ್‌ನ ಒಂದೇ ಹಂತದ ಫಿಲ್ಟರ್ ಇದ್ದರೂ 200 ಮಿಲಿಸೆಕೆಂಡಿನಲ್ಲಿ ಅದು ಹತ್ತಿರಹತ್ತಿರ ಅರ್ಧಕ್ಕೆ ಜಾರುತ್ತದೆ, 0.05 ಆದರೆ ಶೇ 6ರಷ್ಟು ಮಾತ್ರ.

ಫಿಲ್ಟರಿಗೆ ದೊಡ್ಡ ಕೆಪಾಸಿಟರ್ ಹಾಕಿ ಸರಿಪಡಿಸಬಹುದು. ಆದರೆ ಓಡುವವರ ಎಲೆಕ್ಟ್ರೋಡ್ ಒಮ್ಮೆ ಅಲುಗಿದರೆ ಗೆರೆ ಸ್ವಸ್ಥಾನಕ್ಕೆ ಬರಲು ಹಲವು ಸೆಕೆಂಡು ಹಿಡಿಯುತ್ತದೆ. ನನ್ನ ಸಲಹೆ ಎಡಿಎಸ್1292ಆರ್ ಎಂಬ ಇಸಿಜಿ ಚಿಪ್. ಎಲೆಕ್ಟ್ರೋಡುಗಳ ನಡುವೆ 300 ಮಿಲಿವೋಲ್ಟ್‌ವರೆಗೆ ಡಿಸಿ (ಬದಲಾಗದ ವೋಲ್ಟೇಜ್) ಇರಬಹುದು, ನಮಗೆ ಬೇಕಾದ ಸಂಕೇತವೋ ಬರೀ 1 ಮಿಲಿವೋಲ್ಟ್. ಈ 24 ಬಿಟ್ ಚಿಪ್ ಗೇನ್ (ವರ್ಧನೆ) 6ರಲ್ಲಿ ಎರಡೂ ದಿಕ್ಕಿಗೆ ಸುಮಾರು 400 ಮಿಲಿವೋಲ್ಟ್ ತಡೆದುಕೊಳ್ಳುವುದರಿಂದ ಡಿಸಿ ಸಮೇತ ದಾಖಲಿಸಿ, ಆಮೇಲೆ ಸಾಫ್ಟ್‌ವೇರಿನಲ್ಲಿ ಸೋಸಿದರಾಯಿತು.

ಬಡಿತದ ತಪ್ಪು ಸೀರಿಯಲ್ ವೇಗದ್ದಿರಬೇಕು, ಅಂದರೆ ಆರ್ಡುಯಿನೊ ಲ್ಯಾಪ್‌ಟಾಪಿಗೆ ಅಂಕಿ ಕಳಿಸುವ ವೇಗದ್ದು. 156 ಎಂಬ ಅಂಕಿಯೇ ಸುಳಿವು ಕೊಡುತ್ತಿದೆ. 9600 ಬಾಡ್ ಅಂದರೆ ಸೆಕೆಂಡಿಗೆ 960 ಅಕ್ಷರ. ಮೂರಂಕಿಯ ಓದಿಗೆ ಸಾಲು ಮುಗಿಸುವ ಎರಡು ಸೇರಿ 5 ಅಕ್ಷರ, ಅಂದರೆ ಸೆಕೆಂಡಿಗೆ 192 ಓದು. ಪ್ರೋಗ್ರಾಮ್ ಮಾತ್ರ 500 ಎಂದು ನಂಬಿದ್ದರೆ 60 ಬಡಿತ 156 ಆಗುತ್ತದೆ. 115200 ಬಾಡ್ ಇಡಿ. ಓದುವ ಕೆಲಸವನ್ನು ಟೈಮರ್ ಇಂಟರಪ್ಟಿಗೆ (ನಿಗದಿತ ಹೊತ್ತಿಗೆ ತಾನೇ ಓಡುವ ಕೋಡ್) ಒಪ್ಪಿಸಿ, ಡಿಲೇ (ಕಾಯಿಸುವ ಆದೇಶ) ಬೇಡ.

ಚಾರ್ಜರ್ ಹಾಕಿದಾಗ ಗೆರೆ ದಪ್ಪವಾಗುವುದು ಮೇನ್ಸ್ ಗದ್ದಲದಿಂದ. ಅದಕ್ಕಿಂತ ದೊಡ್ಡ ಚಿಂತೆ, ಆ ಹೊತ್ತಿನಲ್ಲಿ ಮನುಷ್ಯನಿಗೂ ಮೇನ್ಸ್‌ಗೂ ನಡುವೆ ಇರುವುದು ಆ ಚಾರ್ಜರಿನ ಇನ್ಸುಲೇಷನ್ ಒಂದೇ. ಬ್ಯಾಟರಿ ಮತ್ತು ಬ್ಲೂಟೂತ್ ಬಳಸಿ, ಮೈಮೇಲಿರುವಾಗ ಚಾರ್ಜ್ ಆಗದಂತೆ ಪೆಟ್ಟಿಗೆ ಮಾಡಿ. ಕಾಲಿನ ಲೀಡಿಗೆ ಸಾಲಾಗಿ ಕನಿಷ್ಠ 330 ಕಿಲೋಓಮ್ ಇರಲಿ: 3.3 ವೋಲ್ಟ್ ಪೂರ್ತಿ ಬಿದ್ದರೂ 10 ಮೈಕ್ರೋಆಂಪ್ ದಾಟದು. ಸಾಮಾನ್ಯ ಸ್ಥಿತಿಯಲ್ಲಿ ರೋಗಿಯ ಮೂಲಕ ಹರಿಯುವ ಡಿಸಿಗೆ ವೈದ್ಯಕೀಯ ವಿದ್ಯುತ್ ಉಪಕರಣಗಳ ಸುರಕ್ಷತಾ ಮಾನದಂಡ ಐಇಸಿ 60601-1 ಇಟ್ಟಿರುವ ಮಿತಿಯೂ ಅಷ್ಟೇ. ಡಿಫಿಬ್ರಿಲೇಟರ್ ಬಳಸುವ ಸಂದರ್ಭ ಬಂದರೆ ಮೊದಲು ನಿಮ್ಮ ಲೀಡುಗಳನ್ನು ಕಿತ್ತುಬಿಡಿ. ಅಂಥ ಆಘಾತ ತಡೆಯುವ ರಕ್ಷಣೆ ಈ ಬೋರ್ಡುಗಳಲ್ಲಿಲ್ಲ.