ಹೂವಿನ ಬುಟ್ಟಿಯ ಆ ಹೆಂಗಸನ್ನು ನೀವು ಕೇಳಿದಿರಾ?

ಪ್ರಿಯ ಲೇಖಕರೇ,

ನೀವು ಕಳುಹಿಸಿದ ‘ಜನ ಲೆಕ್ಕ ಹಾಕುವುದಿಲ್ಲ’ ಎಂಬ ಲೇಖನ ತಲುಪಿದೆ. ಅರ್ಥಶಾಸ್ತ್ರದ ಮೊದಲ ಪಾಠಗಳನ್ನು ಹಿಡಿದು ಬಸ್ಸು, ಸಂತೆ, ಚೀಟಿಗಳನ್ನು ವಿವರಿಸಲು ಹೊರಟ ನಿಮ್ಮ ಉತ್ಸಾಹ ಮೆಚ್ಚುವಂಥದ್ದು, ಭಾಷೆಯೂ ಅಚ್ಚುಕಟ್ಟಾಗಿದೆ. ಆದರೆ ಲೇಖನವನ್ನು ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಸಾಮಾನ್ಯವಾಗಿ ಇಷ್ಟನ್ನೇ ಬರೆದು ಹಿಂದಿರುಗಿಸುತ್ತೇನೆ. ನಿಮ್ಮ ಎರಡು ಮೂರು ವಾಕ್ಯಗಳು ಓದಿದ ಮೇಲೂ ನನ್ನನ್ನು ಕಾಡುತ್ತಲೇ ಇದ್ದುದರಿಂದ ಈ ದೀರ್ಘ ಪತ್ರ.

ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಉಚಿತ ಪ್ರಯಾಣ ಕೊಡುವ ಶಕ್ತಿ ಯೋಜನೆಯ ಬಗ್ಗೆ ನೀವು ಹೀಗೆ ಬರೆದಿದ್ದೀರಿ: ‘ಬೆಲೆ ಸೊನ್ನೆಯಾದಾಗ ಬೇಡಿಕೆಗೆ ಮಿತಿ ಇರುವುದಿಲ್ಲ. ಆದ್ದರಿಂದಲೇ 2023ರ ಜೂನ್‌ನಿಂದ ಹೆಂಗಸರು ಅಗತ್ಯವಿಲ್ಲದಿದ್ದರೂ ಬಸ್ಸು ಹತ್ತುತ್ತಿದ್ದಾರೆ.’ ಸೊನ್ನೆಯಾದದ್ದು ಟಿಕೆಟಿನ ದರ ಮಾತ್ರ, ಪ್ರಯಾಣದ ಬೆಲೆಯಲ್ಲ. ನಿಲ್ದಾಣದಲ್ಲಿ ಕಾದ ಮುಕ್ಕಾಲು ಗಂಟೆ, ನಿಂತೇ ಸವೆಸಿದ ದಾರಿ, ಆ ದಿನ ತಪ್ಪಿದ ಕೂಲಿ, ಮನೆಯಲ್ಲಿ ಬಾಕಿ ಉಳಿದ ಕೆಲಸ, ಇವೆಲ್ಲವನ್ನೂ ಆ ಹೆಂಗಸು ತೆತ್ತಿರುತ್ತಾಳೆ. ಸಮಯವನ್ನೂ ಬೆಲೆಯೊಳಗೆ ಸೇರಿಸಿಯೇ ಮನೆಮಂದಿಯ ಆಯ್ಕೆಗಳನ್ನು ನೋಡಬೇಕೆಂದು ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ 1965ರಲ್ಲೇ ತೋರಿಸಿಕೊಟ್ಟರು. ನೀವು ನೆಚ್ಚಿಕೊಂಡಿರುವ ಶಾಸ್ತ್ರದ ಅಡಿಪಾಯದಲ್ಲೇ ಇರುವ ಮಾತು ಇದು. ಇನ್ನು ಮಿತಿಯ ವಿಚಾರ. ಧರ್ಮಸ್ಥಳದಲ್ಲಿ ಊಟ ಉಚಿತವೆಂದು ಯಾರೂ ಒಂದೇ ಮಧ್ಯಾಹ್ನ ನಾಲ್ಕು ಪಂಕ್ತಿಗೆ ಕೂರುವುದಿಲ್ಲ. ದರ ಇಳಿದಾಗ ಬೇಡಿಕೆ ಹೆಚ್ಚುತ್ತದೆ, ನಿಜ. ಎಲ್ಲೋ ಒಂದು ಕಡೆ ನಿಂತೂ ನಿಲ್ಲುತ್ತದೆ.

‘ಅಗತ್ಯವಿಲ್ಲದಿದ್ದರೂ’ ಎಂಬ ಪದವಂತೂ ನನಗೆ ತೀರಾ ನೋವುಂಟುಮಾಡಿತು. ತವರಿಗೆ ಹೋಗಿ ಕಾಯಿಲೆಯ ತಾಯಿಯನ್ನು ನೋಡಿಬರುವುದಕ್ಕೆ 60 ರೂಪಾಯಿ ಹೊಂದಿಸಲಾಗದೆ ಮನೆಯಲ್ಲೇ ಉಳಿಯುತ್ತಿದ್ದವಳು ಈಗ ಹೋಗಿಬರುತ್ತಿದ್ದರೆ, ಆ ಪ್ರಯಾಣಕ್ಕೆ ಅವಳ ಮಟ್ಟಿಗೆ ಬೆಲೆ ಇಲ್ಲವೆಂದು ಅರ್ಥವಲ್ಲ. ಅವಳ ಕೈಯಲ್ಲಿದ್ದ ದುಡ್ಡಿಗೆ ಅದಕ್ಕಿಂತ ತುರ್ತಾದ ಖರ್ಚುಗಳಿದ್ದವು ಎಂದರ್ಥ. ಯೋಜನೆಯನ್ನು ಟೀಕಿಸಬಾರದೆಂದು ನಾನು ಹೇಳುತ್ತಿಲ್ಲ. ಗಟ್ಟಿಯಾದ ಪ್ರಶ್ನೆ ಬೇರೆಯೇ ಇದೆ. ಬೆಳಿಗ್ಗೆ ಹನ್ನೊಂದಕ್ಕೆ ಅರ್ಧ ಖಾಲಿಯಾಗಿ ಓಡುವ ಬಸ್ಸಿಗೆ ಇನ್ನೊಬ್ಬರು ಹತ್ತಿದರೆ ನಿಗಮಕ್ಕೆ ತಗಲುವ ಹೆಚ್ಚುವರಿ ವೆಚ್ಚ ಇಲ್ಲವೆನ್ನುವಷ್ಟು ಕಡಿಮೆ. ಅದೇ ಪ್ರಯಾಣಿಕರು ಎಂಟು ಗಂಟೆಗೆ, ಶಾಲೆ ಕಾಲೇಜಿನ ಮಕ್ಕಳಿಂದ ಕಿಕ್ಕಿರಿದ ಬಸ್ಸಿಗೆ ಹತ್ತಿದರೆ, ಒಂದೋ ಇನ್ನೊಬ್ಬರು ಬಾಗಿಲಲ್ಲಿ ಜೋತಾಡಬೇಕು, ಇಲ್ಲವೇ ಇನ್ನೊಂದು ಬಸ್ಸು ಬಿಡಬೇಕು. ಟಿಕೆಟ್ಟು ಎರಡು ಹೊತ್ತಿನಲ್ಲೂ ಶೂನ್ಯದ್ದೇ, ವೆಚ್ಚ ಮಾತ್ರ ಒಂದೇ ಅಲ್ಲ. ಈ ವ್ಯತ್ಯಾಸವನ್ನು ನೀವು ಬಿಡಿಸಿ ತೋರಿಸಿದ್ದರೆ ಲೇಖನ ಆ ಪುಟದಲ್ಲೇ ಗೆದ್ದುಬಿಡುತ್ತಿತ್ತು.

ಮುಂದಿನ ಪುಟದಲ್ಲಿ ಹಿರಿಯೂರಿನ ನಿಲ್ದಾಣ ಬರುತ್ತದೆ. ಬೆಳಗಿನ ಜಾವ ಕನಕಾಂಬರದ ಬುಟ್ಟಿ ಹಿಡಿದ ಹೆಂಗಸೊಬ್ಬರು ಸರ್ಕಾರಿ ಬಸ್ಸಿಗೆ ಕಾಯದೆ, ಸೆರಗಿನ ಗಂಟಿನಿಂದ ದುಡ್ಡು ಬಿಚ್ಚಿ ಕೊಟ್ಟು, ಚಿತ್ರದುರ್ಗದ ಖಾಸಗಿ ಬಸ್ಸು ಹತ್ತಿದರೆಂದು ನೀವು ಕಣ್ಣಾರೆ ಕಂಡದ್ದನ್ನು ಬರೆದಿದ್ದೀರಿ. ಇಡೀ ಲೇಖನದಲ್ಲಿ ಜೀವಂತವಾಗಿರುವುದು ಇದೊಂದೇ ಭಾಗ. ಅದರ ಬೆನ್ನಿಗೇ ಈ ವಾಕ್ಯ: ‘ಉಚಿತ ಪ್ರಯಾಣವಿದ್ದರೂ ಹಣ ಕೊಡುವ ಈ ಅವಿವೇಕವನ್ನು ಅಭ್ಯಾಸಬಲ ಎನ್ನದೆ ವಿಧಿಯಿಲ್ಲ.’ ಹಿಂದಿನ ಪುಟದಲ್ಲಿ ಪುಕ್ಕಟೆಯೆಂದರೆ ತಡೆದುಕೊಳ್ಳಲಾರದ ಹೆಂಗಸು ಈ ಪುಟದಲ್ಲಿ ಪುಕ್ಕಟೆಯನ್ನೇ ಬೇಡವೆಂದು ಬಿಟ್ಟು ಹೋಗುತ್ತಾಳೆ. ಒಂದಕ್ಕೆ ನೀವು ದುರಾಸೆಯ ಹೆಸರು ಕೊಟ್ಟಿರಿ, ಇನ್ನೊಂದಕ್ಕೆ ಅವಿವೇಕದ್ದು. ಎರಡನ್ನೂ ಒಂದೇ ಲೆಕ್ಕದಲ್ಲಿ ನೋಡಲಿಲ್ಲ. ಬಿಡಿ ಹೂವು ಹೊತ್ತೇರಿದಂತೆ ಬಾಡುತ್ತದೆ, ಮಾರುಕಟ್ಟೆಗೆ ತಡವಾಗಿ ಬಂದ ಬುಟ್ಟಿಗೆ ಮುಂಜಾನೆಯ ದರ ಸಿಗುವುದಿಲ್ಲ. ಸರ್ಕಾರಿ ಬಸ್ಸಿಗೆ ಕಾಯುವ ಹೊತ್ತಿನಲ್ಲಿ ಕಳೆದುಕೊಳ್ಳುವ ಹಣ ಬಸ್ ಚಾರ್ಜಿಗಿಂತ ಹೆಚ್ಚಿದ್ದರೆ, ಖಾಸಗಿ ಬಸ್ಸೇ ಅವರಿಗೆ ಅಗ್ಗ. ಅಥವಾ ಕಾರಣ ಇದಲ್ಲದೆಯೂ ಇರಬಹುದು: ಬುಟ್ಟಿ ಇಡಲು ಜಾಗ ಕೊಡುವ ಕಂಡಕ್ಟರ್, ಮಂಡಿಯ ಬಾಗಿಲಲ್ಲೇ ಇಳಿಸುವ ಡ್ರೈವರ್. ಅವರ ಪಕ್ಕದಲ್ಲೇ ನಿಂತಿದ್ದ ನೀವು ಅವರನ್ನೇ ಕೇಳಿದಿರಾ? ಲೇಖನದಲ್ಲೆಲ್ಲೂ ಅದರ ಸುಳಿವಿಲ್ಲ.

ನಾನು ಈ ಕಸುಬಿಗೆ ಬಂದದ್ದು ಕೋಲಾರದ ಕಡೆಯ ಪತ್ರಿಕೆಯೊಂದರ ಧಾರಣೆ ಅಂಕಣದ ಮೂಲಕ. ಮುಂಜಾನೆ ಎಪಿಎಂಸಿಗೆ ಹೋಗಿ ಟೊಮೆಟೊ, ಆಲೂಗಡ್ಡೆಯ ದರ ಬರೆದು ತರುವುದು ನನ್ನ ಕೆಲಸ. ಹಿರಿಯ ಉಪಸಂಪಾದಕರೊಬ್ಬರು ಪಟ್ಟಿಯನ್ನು ನೋಡಿ, ‘ಎಷ್ಟಕ್ಕೆ ಹೋಯಿತು ಅಂತ ಬರೆದಿದ್ದೀಯ, ರೈತನ ಕೈಗೆ ಎಷ್ಟು ಬಂತು ಅಂತ ಕೇಳಿದೆಯಾ?’ ಎಂದು ದಿನವೂ ಕೇಳುತ್ತಿದ್ದರು. ಆ ಒಂದು ಪ್ರಶ್ನೆಗಾಗಿ ನಾನು ಹರಾಜಿನ ಕಟ್ಟೆಯಿಂದ ಲಗೇಜ್ ಆಟೋಗಳ ಸಾಲಿನವರೆಗೂ ಓಡಾಡಬೇಕಾಗುತ್ತಿತ್ತು: ಬಿಡಿಸಿದ ಕೂಲಿ, ಬಾಕ್ಸಿನ ಬಾಡಿಗೆ, ಗಾಡಿ ಬಾಡಿಗೆ, ಹಮಾಲಿ, ಕಮಿಷನ್. ದರ ಕುಸಿದ ಒಂದು ಬೆಳಿಗ್ಗೆ ರೈತರೊಬ್ಬರು ರಸ್ತೆಬದಿಗೆ ಟೊಮೆಟೊ ಸುರಿಯುತ್ತಿದ್ದರು. ಸಿಟ್ಟು ಅವರ ಮುಖದಲ್ಲಿತ್ತು, ಆದರೆ ಅವರು ಹೇಳಿದ್ದು ಲೆಕ್ಕ: ಗೊಬ್ಬರಕ್ಕೆ ಹಾಕಿದ ದುಡ್ಡು ಹೇಗೂ ಹಿಂದೆ ಬರುವುದಿಲ್ಲ, ಮಾರಿದರೆ ಹಮಾಲಿಗೂ ಸಾಲದು, ವಾಪಸು ಒಯ್ದರೆ ಇನ್ನೊಂದು ಬಾಡಿಗೆ, ಖಾಲಿ ಬಾಕ್ಸಾದರೂ ಹಿಂದಿರುಗಿಸಬೇಕು. ಹಿರಿಯರು ಚಿತ್ರದ ಅಡಿಬರಹದಲ್ಲಿ ಆ ಲೆಕ್ಕವನ್ನೇ ಹಾಕಿಸಿದರು. 2023ರ ಜುಲೈನಲ್ಲಿ 15 ಕೆ.ಜಿ.ಯ ಬಾಕ್ಸು 2,000 ರೂಪಾಯಿ ದಾಟಿದಾಗ ಇದೇ ಬೆಳೆಗೆ ಜನ ರಾತ್ರಿಯೆಲ್ಲ ಕಾವಲು ಕೂತರು. ಎರಡೂ ಸಲ ರೈತರು ನೋಡಿದ್ದು, ಆ ಗಳಿಗೆಯಿಂದ ಮುಂದಕ್ಕೆ ಖರ್ಚೆಷ್ಟು, ಬರುವುದೆಷ್ಟು ಎಂಬುದನ್ನು.

ಈ ಅಭ್ಯಾಸದಿಂದಲೇ ನಿಮ್ಮ ಚೀಟಿಯ ವಾಕ್ಯ ನನಗೆ ಸಹ್ಯವಾಗಲಿಲ್ಲ: ‘ಬ್ಯಾಂಕಿನ ಬಡ್ಡಿ ಬಿಟ್ಟು ಚೀಟಿಗೆ ಹಣ ಹಾಕುವವರಿಗೆ ಲೆಕ್ಕ ಬಾರದು.’ ಕಾಗದದ ಮೇಲೆ ಒಂದು ಚೀಟಿ ನಡೆಸಿ ನೋಡಿ. ಇಪ್ಪತ್ತು ಜನ, ತಿಂಗಳಿಗೆ 5,000, ಒಟ್ಟು ಒಂದು ಲಕ್ಷ. ಮಗಳ ಫೀಸು ಕಟ್ಟಬೇಕಾದವರು ಆ ತಿಂಗಳ ಹರಾಜಿನಲ್ಲಿ 25,000 ಬಿಟ್ಟು ಕೂಗಿ 75,000 ಎತ್ತುತ್ತಾರೆ. ಬಿಟ್ಟ ಹಣದಲ್ಲಿ ಚೀಟಿ ನಡೆಸುವವರ ಕಮಿಷನ್ 5,000 ಕಳೆದರೆ ಉಳಿದ 20,000 ಇಪ್ಪತ್ತು ಜನಕ್ಕೆ ಹಂಚಿ, ಆ ತಿಂಗಳು ತಲೆಗೆ 4,000 ಕಟ್ಟಿದರೆ ಸಾಕು. ಕಾಯುವವರಿಗೆ ಆ ಸಾವಿರವೇ ಬಡ್ಡಿ. ಎತ್ತಿದವರಿಗೆ ಅದೇ ಚೀಟಿ ಸಾಲ. ಅವರು ಎತ್ತಿದ ಹಣ ದುಬಾರಿಯೇ ಹೌದು, ಆದರೆ ಅದನ್ನು ಹೋಲಿಸಬೇಕಾದದ್ದು ಠೇವಣಿಯ ಬಡ್ಡಿಯೊಂದಿಗಲ್ಲ, ಸಂಬಳದ ದಾಖಲೆ ತೋರಿಸಲಾಗದವರಿಗೆ ಬೇರೆಡೆ ಸಿಗುವ ಸಾಲದ ಬಡ್ಡಿಯೊಂದಿಗೆ.

ಹರಾಜಿಲ್ಲದ, ಲಾಟರಿ ಎತ್ತುವ ಚೀಟಿಯೂ ಸುಮ್ಮನೆ ಹುಟ್ಟಿದ್ದಲ್ಲ. 20,000 ರೂಪಾಯಿಯ ಹೊಲಿಗೆ ಯಂತ್ರ ಬೇಕೆಂದು ಇಪ್ಪತ್ತು ಮಂದಿ ತಿಂಗಳಿಗೆ ಸಾವಿರದಂತೆ ಬೇರೆ ಬೇರೆಯಾಗಿ ಕೂಡಿಟ್ಟರೆ ಎಲ್ಲರಿಗೂ ಯಂತ್ರ ಬರುವುದು ಇಪ್ಪತ್ತನೆಯ ತಿಂಗಳಿಗೆ. ಒಟ್ಟುಗೂಡಿದರೆ ತಿಂಗಳಿಗೊಂದು ಬರುತ್ತದೆ. ಕೊನೆಯವರೊಬ್ಬರನ್ನು ಬಿಟ್ಟು ಉಳಿದವರೆಲ್ಲ ಮುಂಚೆಯೇ ಹೊಲಿಯಲು ಕೂರುತ್ತಾರೆ, ಕೊನೆಯವರಿಗೂ ತಡವಾಗುವುದಿಲ್ಲ. ಟಿಮೊತಿ ಬೆಸ್ಲಿ, ಸ್ಟೀಫನ್ ಕೋಟ್ ಮತ್ತು ಗ್ಲೆನ್ ಲೌರಿ ಎಂಬ ಅರ್ಥಶಾಸ್ತ್ರಜ್ಞರು 1993ರಲ್ಲಿ ಈ ತರ್ಕವನ್ನು ಸೂತ್ರಬದ್ಧವಾಗಿ ಬರೆದರು. ಚೀಟಿ ನಡೆಸುವವರು ರಾತ್ರೋರಾತ್ರಿ ಊರು ಬಿಡುವ ಅಪಾಯ ನಿಜ, ಅದನ್ನೂ ಖರ್ಚಿನ ಕಡೆ ಬರೆಯಲೇಬೇಕು. 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಾಯಿಸಿದ ಚೀಟಿಗೂ ಬೀದಿಯ ಚೀಟಿಗೂ ಇರುವ ಅಂತರವನ್ನು ಅಲ್ಲೇ ಹೇಳಬಹುದು. ನಿಮ್ಮ ಲೇಖನದಲ್ಲಿ ಈ ಅಪಾಯದ ಪ್ರಸ್ತಾಪವೇ ಇಲ್ಲ. ಚೀಟಿಯ ವಿರುದ್ಧ ನಿಮ್ಮ ಕೈಯಲ್ಲಿದ್ದ ಒಳ್ಳೆಯ ವಾದವನ್ನೇ ಬಿಟ್ಟು, ಹಾಕುವವರ ಬುದ್ಧಿಯನ್ನು ಹಳಿದಿದ್ದೀರಿ.

ಲೇಖನದ ಉಳಿದ ಭಾಗಗಳ ಬಗ್ಗೆ ಈಗ ಏನನ್ನೂ ಹೇಳುವುದಿಲ್ಲ. ‘ಅವಿವೇಕ’ ಎಂದು ಬರೆದ ಪ್ರತಿಯೊಂದು ಕಡೆಯೂ ಪೆನ್ಸಿಲಿನಿಂದ ಗುರುತು ಹಾಕಿ ಪ್ರತಿಯನ್ನು ಈ ಪತ್ರದೊಂದಿಗೆ ಹಿಂದಿರುಗಿಸುತ್ತಿದ್ದೇನೆ. ಚೀಟಿಯ ಭಾಗವನ್ನು ಸದ್ಯಕ್ಕೆ ತೆಗೆದಿಡಿ, ಅದು ಪ್ರತ್ಯೇಕ ಲೇಖನವಾಗುವಷ್ಟಿದೆ. ಮೊದಲು ಹಿರಿಯೂರಿಗೆ ಇನ್ನೊಮ್ಮೆ ಹೋಗಿ, ಅದೇ ಹೊತ್ತಿಗೆ. ಹೂವಿನವರ ಜೊತೆ ಚಿತ್ರದುರ್ಗದ ಮಾರುಕಟ್ಟೆಯವರೆಗೆ ಪ್ರಯಾಣಿಸಿ, ಮುಂಜಾನೆಯ ದರ, ಒಂಬತ್ತು ಗಂಟೆಯ ದರ, ಬಸ್ ಚಾರ್ಜು, ಬುಟ್ಟಿಯ ಲಗೇಜು ಇಷ್ಟನ್ನು ಬರೆದುಕೊಂಡು ಬನ್ನಿ. ಬರಹ ಸಾವಿರ ಪದಗಳೊಳಗಿರಲಿ. ನೇರವಾಗಿ ನನ್ನ ಹೆಸರಿಗೇ ಕಳುಹಿಸಿ.

ಇತಿ,
ಸಂಪಾದಕ