ಪಿಯಾನೊ ಮಾರುವ ಮುನ್ನ ಆ ಭಾನುವಾರಗಳನ್ನು ನೋಡಿ

ಜರ್ಮನಿಯಲ್ಲಿರುವ ಮೈಸೂರಿನ ತಾಯಿ ಬರೆದಿದ್ದಾರೆ. ಓದಿ ಮನಸ್ಸು ಕಲಕಿತು. ಅಮ್ಮಾ, ನಿಮ್ಮ ಇಪ್ಪತ್ತು ವರ್ಷದ ಮಗಳು ಸಂಗೀತ ಕಾಲೇಜಿನಲ್ಲಿ ಪಿಯಾನೊ ಕಲಿಯುತ್ತಿದ್ದಳು. ಒಂದು ಸ್ಪರ್ಧೆಯಲ್ಲಿ ಅರ್ಧಕ್ಕೇ ಎದ್ದು ಬಂದಳು. ಆಮೇಲೆ ಮನೆಯ ಪಿಯಾನೊ ಮುಟ್ಟಿಲ್ಲ, ಬೇಕರಿ ಕೆಲಸಕ್ಕೆ ಹೋಗುತ್ತಾಳೆ. ಪಿಯಾನೊ ಮಾರಲು ಜಾಹೀರಾತು ಕೊಟ್ಟಿದ್ದೀರಿ. ಬೇರೆ ಕೋರ್ಸಿಗೆ ಸೇರಿಸೋಣವೇ ಎಂದು ಕೇಳಿದ್ದೀರಿ.

ಪತ್ರದ ಕೊನೆಗೆ ಒಂದು ಸಾಲು ಸೇರಿಸಿದ್ದೀರಿ: ಭಾನುವಾರ ಚೆಲ್ಲೊ (ದೊಡ್ಡ ಪಿಟೀಲಿನಂಥ ವಾದ್ಯ) ನುಡಿಸುವ ಗೆಳತಿಯ ಮನೆಗೆ ಹೋಗಿ ಟೈಮ್‌ಪಾಸಿಗೆ ಜೊತೆಗೆ ನುಡಿಸುತ್ತಾಳೆ, ಅದು ಬಿಡಿ ಅಂತ. ನಾನು ಬಿಡುವುದಿಲ್ಲ. ಪಿಯಾನೊ ಬೇಡವಾದವಳು ವಾರ ವಾರ ಪಿಯಾನೊ ಇರುವ ಮನೆಗೆ ಯಾಕೆ ಹೋಗುತ್ತಾಳೆ? ಒಬ್ಬಳೇ ಕೂತು ನುಡಿಸುವುದು ಅವಳಿಗೆ ಭಯ ಹುಟ್ಟಿಸಿದೆ, ಅಷ್ಟೇ.

ಹೆಸರಾಂತ ಪಿಯಾನೊ ವಾದಕಿ ಮಾರ್ತಾ ಅರ್ಗೆರಿಚ್ ಹೆಸರು ನಿಮ್ಮ ಮಗಳಿಗೆ ಗೊತ್ತಿರುತ್ತದೆ, ನೀವೂ ತಿಳಿದುಕೊಳ್ಳಿ. ಹುಟ್ಟಿದ್ದು 1941ರಲ್ಲಿ, ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ. ಬಾಲ್ಯದಲ್ಲಿ ಕಲಿಸಿದವರು ಸ್ಕಾರಮುತ್ಸಾ, ತುಂಬಾ ಕಟ್ಟುನಿಟ್ಟಿನ ಗುರು. ಮುಂದೆ ವಿಯೆನ್ನಾದಲ್ಲಿ ಪಿಯಾನೊ ವಾದಕ ಫ್ರೀಡ್ರಿಶ್ ಗುಲ್ಡಾ ಗುರುವಾಗಿ ಸಿಕ್ಕರು. ಅವರು ಹುಡುಗಿ ನುಡಿಸಿದ್ದನ್ನು ಟೇಪ್ ಮಾಡಿ ಅವಳಿಗೇ ಕೇಳಿಸುತ್ತಿದ್ದರು. ಎಲ್ಲಿ ಸರಿಯಿಲ್ಲ ಅಂತ ಅವಳೇ ಹೇಳಬೇಕಿತ್ತು. ಗುಲ್ಡಾ ಪ್ರಭಾವ ತನ್ನ ಮೇಲೆ ಬಹಳ ದೊಡ್ಡದು ಎಂದು ಆಕೆ ಹೇಳಿಕೊಂಡಿದ್ದಾರೆ. 1957ರಲ್ಲಿ, ಹದಿನಾರನೇ ವಯಸ್ಸಿಗೆ, ಇಟಲಿಯ ಬೊಲ್ಜಾನೊ ಮತ್ತು ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ ನಡೆದ ಸ್ಪರ್ಧೆ ಎರಡನ್ನೂ ಗೆದ್ದರು.

ಆಮೇಲೆ ಎಲ್ಲ ನಿಂತುಹೋಯಿತು. ಇಟಲಿಯ ಪಿಯಾನೊ ವಾದಕ ಮೈಕೆಲಾಂಜೆಲಿ ಬಳಿ ಸುಮಾರು ಒಂದೂವರೆ ವರ್ಷ ಇದ್ದರೂ ಸಿಕ್ಕಿದ್ದು ನಾಲ್ಕೇ ಪಾಠ. ಸುಮಾರು ಮೂರು ವರ್ಷ ಪಿಯಾನೊದಿಂದ ದೂರವಿದ್ದರು. ಸೆಕ್ರೆಟರಿ ಕೆಲಸಕ್ಕೆ ಸೇರುವ ಯೋಚನೆಯೂ ಬಂದಿತ್ತು. ಆಗ ಕೈಹಿಡಿದವರು ಪಿಯಾನೊ ವಾದಕ ಅಸ್ಕೆನಾಜೆ ಮತ್ತು ಅವರ ಹೆಂಡತಿ. 1965ರಲ್ಲಿ ಅರ್ಗೆರಿಚ್ ಪೋಲೆಂಡಿನ ವಾರ್ಸಾದ ಶೋಪಾನ್ ಪಿಯಾನೊ ಸ್ಪರ್ಧೆ ಗೆದ್ದರು. ಅಷ್ಟಾದರೂ ವೇದಿಕೆಯ ಒಂಟಿತನ ಅವರಿಗೆ ಒಗ್ಗಲಿಲ್ಲ. 1980ರ ದಶಕದಿಂದ ಒಬ್ಬರೇ ಸಂಗೀತ ಕಚೇರಿ ಕೊಡುವುದನ್ನು ಬಹುಪಾಲು ಬಿಟ್ಟರು. ಪಿಯಾನೊದ ನೆಲ್ಸನ್ ಫ್ರೇರೆ, ಚೆಲ್ಲೊದ ಮಿಶಾ ಮೈಸ್ಕಿ, ಪಿಟೀಲಿನ ಗಿಡಾನ್ ಕ್ರೆಮರ್ ಜೊತೆ ನುಡಿಸಿದರು. ಜನ ಟಿಕೆಟಿಗೆ ಮುಗಿಬಿದ್ದರು.

ನಿಮ್ಮ ಮಗಳು ಇನ್ನೊಬ್ಬ ಅರ್ಗೆರಿಚ್ ಆಗುತ್ತಾಳೆ ಅಂತ ನಾನು ಹೇಳುತ್ತಿಲ್ಲ. ಜೊತೆಯಲ್ಲಿ ನುಡಿಸುವುದೂ ಪೂರ್ತಿ ಸಂಗೀತವೇ, ಟೈಮ್‌ಪಾಸ್ ಅಲ್ಲ.

ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಆದರೆ ವಾರಕ್ಕೊಮ್ಮೆ ಊರಿಂದ ಫೋನ್ ಮಾಡಿ, ಇಷ್ಟು ಲಕ್ಷ ಸುರಿದಿದ್ದು ಬೇಕರಿಗಾ ಅಂತ ಕೇಳುವ ನಿಮ್ಮ ಭಾವನವರ ಮೇಲೆ ಇದೆ. ಮಕ್ಕಳ ಕಲಿಕೆಗೆ ಆದ ಖರ್ಚನ್ನು ಅವರ ಕಿವಿಗೆ ಬೀಳುವಂತೆ ಲೆಕ್ಕ ಹಾಕಬಾರದು. ಇದನ್ನು ಎಷ್ಟು ಸಲ ಬರೆದರೂ ನನಗೆ ಸಾಕಾಗುವುದಿಲ್ಲ. ಮುಂದಿನ ಸಲ ಆ ಫೋನನ್ನು ಸ್ಪೀಕರಿಗೆ ಹಾಕಬೇಡಿ.

ಈಗ ಮಾಡಬೇಕಾದ್ದು ಒಂದೇ: ಆ ಜಾಹೀರಾತನ್ನು ಇವತ್ತೇ ತೆಗೆಯಿರಿ. ಪಿಯಾನೊ ಎಲ್ಲೂ ಹೋಗುವುದಿಲ್ಲ ಅಂತ ಮಗಳಿಗೆ ಒಮ್ಮೆ ಹೇಳಿ. ಕೋರ್ಸಿನ ಮಾತು ಅವಳೇ ಎತ್ತಲಿ.